ಬೆಟ್ಟಕ್ಕೆ, ಹೊಳೆಗೆ ಹೊರಡುವ ಮುನ್ನ: ಸಾಮಾನು ಆರಿಸುವುದು ಹೇಗೆ?

ಅಂಗಡಿಗೆ ಹೋಗುವ ಮೊದಲು, ಹೋಗುವ ಜಾಗ ಯಾವುದು ಅಂತ ತೀರ್ಮಾನಿಸಿ. ಪಾಂಡವಪುರದ ಕುಂತಿಬೆಟ್ಟ ಹತ್ತಲು ಬೇಕಾಗುವ ಸಾಮಾನೇ ಬೇರೆ, ಕಾವೇರಿ ದಡದಲ್ಲಿ ರಾತ್ರಿ ಕಳೆಯಲು ಬೇಕಾಗುವುದೇ ಬೇರೆ. ಎಲ್ಲವನ್ನೂ ಒಟ್ಟಿಗೆ ಕೊಂಡು ಸುಮ್ನೆ ದುಡ್ಡು ಹಾಕಬೇಡಿ.

ಮೊದಲು ಶೂ. ಜಾಸ್ತಿ ಖರ್ಚು ಮಾಡಬೇಕಾದ್ದು ಇದಕ್ಕೇ. ಕುಂತಿಬೆಟ್ಟದಲ್ಲಿ ಕಾಲಿಟ್ಟಲ್ಲೆಲ್ಲ ಬಂಡೆ. ಅಟ್ಟೆ ಸವೆದಿದ್ದರೆ ಜಾರುವುದು ಖಂಡಿತ. ರಬ್ಬರ್ ಅಟ್ಟೆ, ಅದರಲ್ಲಿ ಆಳವಾದ ಗೀರು ಇರಲಿ. ಸಂಜೆ ಹೊತ್ತು ಕೊಳ್ಳಿ. ದಿನವಿಡೀ ಓಡಾಡಿದ ಪಾದ ಕೊಂಚ ಊದಿರುತ್ತದೆ, ಬೆಟ್ಟ ಹತ್ತುವಾಗಲೂ ಹಾಗೇ ಊದುತ್ತದೆ. ಬೆಟ್ಟಕ್ಕೆ ಹೋಗುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಬೆರಳುಗಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅಂಗಡಿಯ ಮೆಟ್ಟಿಲು ಇಳಿದು ನೋಡಿ. ಬೆರಳು ಮುಂದೆ ತಾಗಿದರೆ ಒಂದು ಸೈಜ್ ದೊಡ್ಡದು ಕೇಳಿ. ಉಗುರಿಗೆ ಪೆಟ್ಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಹೊಸ ಶೂವನ್ನು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಒಂದು ವಾರ ನಡೆದು ಪಳಗಿಸಿ. ಆಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಎಲ್ಲಿ ಉಜ್ಜುತ್ತದೆ ಅನ್ನುವುದು ಗೊತ್ತಾಗುತ್ತದೆ.

ಬ್ಯಾಗ್ ಒಂದು ದಿನಕ್ಕಾದರೆ 20ರಿಂದ 25 ಲೀಟರಿನದು ಸಾಕು. ರಾತ್ರಿ ತಂಗುವುದಾದರೆ 40ರಿಂದ 50 ಲೀಟರಿನದು, ಸೊಂಟದ ಪಟ್ಟಿ ಇರುವಂಥದ್ದು. ಖಾಲಿ ಬ್ಯಾಗ್ ಹೊತ್ತು ನೋಡಿ ಪ್ರಯೋಜನವಿಲ್ಲ, ತೂಕ ತುಂಬಿಸಿ ನೋಡಿ. ನೀರು ತಲಾ 2ರಿಂದ 3 ಲೀಟರ್.

'ಇಬ್ಬರ ಟೆಂಟ್' ಅಂದರೆ ಇಬ್ಬರು ಒತ್ತಿಕೊಂಡು ಮಲಗಬಹುದು, ಅಷ್ಟೇ. ಬ್ಯಾಗಿಗೂ ಜಾಗ ಬೇಕಲ್ವಾ? ಮೂವರದ್ದು ತೆಗೆದುಕೊಳ್ಳಿ. ಮಳೆ ತಡೆಯುವ ಹೊರಹೊದಿಕೆ ನೆಲದ ಹತ್ತಿರದವರೆಗೂ ಬರಬೇಕು. ಗಾಳಿಕಿಂಡಿ ಇಲ್ಲದಿದ್ದರೆ ನಮ್ಮ ಉಸಿರೇ ಬೆಳಗಿನ ಜಾವ ಹನಿಯಾಗಿ ಮೈಮೇಲೆ ಬೀಳುತ್ತದೆ. ನೆಲದ ಥಂಡಿ ತಡೆಯಲು ಒಳ್ಳೆಯ ಮ್ಯಾಟ್ ಮುಖ್ಯ. ಟೆಂಟನ್ನು ಅನುಮತಿ ಇರುವ ಜಾಗದಲ್ಲೇ ಹಾಕಿ. ಹೊಳೆಯ ಒಣಮರಳಿನ ಮೇಲಂತೂ ಬೇಡವೇ ಬೇಡ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ, ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ.

ಮೀನು ಹಿಡಿಯಲು ಕಲಿಯುವವರಿಗೆ 6–7 ಅಡಿಯ ಫೈಬರ್ ರಾಡ್, ಸಾದಾ ರೀಲ್, 4–5 ಕೆ.ಜಿ. ತಡೆಯುವ ತಂಗೂಸಿ (ಗಾಳದ ನೈಲಾನ್ ದಾರ) ಸಾಕು. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಸಣ್ಣ ಮೀನನ್ನು ಹೆಚ್ಚು ಗಾಯ ಮಾಡದೆ ನೀರಿಗೆ ಬಿಡಬಹುದು. ತುಂಡಾದ ತಂಗೂಸಿಯನ್ನು ದಡದಲ್ಲಿ ಎಸೆಯಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ರಂಗನತಿಟ್ಟಿನಲ್ಲಿ, ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕುವಂತಿಲ್ಲ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನು 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದು ಉಳಿಯಲೇಬೇಕು. ಊರ ಕೆರೆಗಳ ಮೀನನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ. ಮೊದಲು ಗುತ್ತಿಗೆದಾರರನ್ನು ಕೇಳಿ, ಅವರು ಹೂಂ ಅಂದಮೇಲೆ ರಾಡ್ ಕೊಳ್ಳಿ.