ಇಂಗ್ಲಿಷ್ ಪದ ಕಲಿಸೋಕೆ ಕಾರ್ಪಸ್: ಲ್ಯಾಬ್ ಬೇಡ, ಜೆರಾಕ್ಸ್ ಹಾಳೆ ಸಾಕು

‘ಮೈ ಮದರ್ ಕಾಸ್ಡ್ ಮೈ ಸಕ್ಸೆಸ್.’ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡುವವರಿಗೆ ಇಂಥ ವಾಕ್ಯ ಹೊಸದೇನಲ್ಲ. ವ್ಯಾಕರಣ ಸರಿ, ಸ್ಪೆಲ್ಲಿಂಗ್ ಸರಿ. ಡಿಕ್ಷನರಿಯಲ್ಲೂ ‘ಕಾಸ್’ (cause) ಅಂದರೆ ಕಾರಣವಾಗು ಅಂತಲೇ ಇದೆ. ಆದರೂ ನಾವು ಕೆಂಪು ಗೆರೆ ಎಳೆಯುತ್ತೇವೆ. ಯಾಕೆ ಮಿಸ್ ಅಂತ ಕೇಳಿದರೆ ‘ಹಾಗೆ ಹೇಳಲ್ಲಮ್ಮ’ ಅಂದು ಮುಂದೆ ಹೋಗುತ್ತೇವೆ. ಮಗುವಿಗೆ ಅದು ಸಾಲದು ಅಲ್ವಾ?

ಇಂಥ ಕಡೆ ನಾನು ಕಾರ್ಪಸ್ ತೆಗೆಯುತ್ತೇನೆ. ಜನ ನಿಜವಾಗಿ ಬರೆದ, ಆಡಿದ ಮಾತನ್ನು ಹುಡುಕಲು ಬರುವಂತೆ ಒಟ್ಟುಮಾಡಿದ ಸಂಗ್ರಹ ಅದು. 1960ರ ದಶಕದಲ್ಲಿ ಅಮೆರಿಕದ ಬ್ರೌನ್ ಕಾರ್ಪಸ್ 10 ಲಕ್ಷ ಪದಗಳದ್ದಾಗಿತ್ತು. ಈಗಿನ ಅಮೆರಿಕನ್ ಇಂಗ್ಲಿಷಿನ ಕಾರ್ಪಸ್ ‘ಕೋಕಾ’ (COCA) 100 ಕೋಟಿ ದಾಟಿದೆ. ಇತಿಹಾಸ ಇಷ್ಟು ಸಾಕು, ಕೆಲಸಕ್ಕೆ ಬರೋಣ.

ಮೊದಲು ಕಾರ್ಪಸ್ ಹುಡುಕಲು ಬರುವ ‘ಸ್ಕೆಲ್’ (SkELL) ಸೈಟಿಗೆ ಹೋಗಿ. ದುಡ್ಡಿಲ್ಲ, ಲಾಗಿನ್ ಇಲ್ಲ, ಮೊಬೈಲಲ್ಲೂ ನಡೆಯುತ್ತದೆ. ‘ಕಾಸ್’ ಅಂತ ಟೈಪ್ ಮಾಡಿ, ‘ವರ್ಡ್ ಸ್ಕೆಚ್’ ಒತ್ತಿ. ನೌನ್ ತೋರಿಸಿದರೆ ವರ್ಬ್‌ಗೆ ಬದಲಾಯಿಸಿ. ಆಬ್ಜೆಕ್ಟ್‌ಗಳ ಪಟ್ಟಿ ಓದಿ: ಡ್ಯಾಮೇಜ್, ಪ್ರಾಬ್ಲಂ, ಪೇನ್, ಡೆತ್... ಆಮೇಲೆ ‘ಎಗ್ಸಾಂಪಲ್ಸ್’ ಒತ್ತಿ, ಸುಲಭವಾದ ಹತ್ತು ಹನ್ನೆರಡು ವಾಕ್ಯ ಆರಿಸಿ. ‘ಕಾಸ್’ ಪದ ಎಲ್ಲಾ ಸಾಲಲ್ಲೂ ಹಾಳೆಯ ನಡುವೆ ಒಂದರ ಕೆಳಗೊಂದು ಬರುವಂತೆ ಟೈಪ್ ಮಾಡಿ. ಇದನ್ನು ಕನ್ಕಾರ್ಡೆನ್ಸ್ ಅಂತಾರೆ. ಈ ಜೋಡಣೆ ತಪ್ಪಿಸಬೇಡಿ. ಕಣ್ಣು ಮೇಲಿಂದ ಕೆಳಗೆ ಇಳಿದರೆ ಮಾತ್ರ ಮಕ್ಕಳಿಗೆ ಅದರ ಅಕ್ಕಪಕ್ಕ ಏನಿದೆ ಅನ್ನೋದು ಹೊಳೆಯುವುದು.

ಬೆಂಚಿಗೊಂದು ಜೆರಾಕ್ಸ್ ಕೊಡಿ. ಅರ್ಥ ಹೇಳಬೇಡಿ. ‘ಬಲಗಡೆ ಏನೇನು ಬಂದಿದೆ, ಅಂಡರ್‌ಲೈನ್ ಮಾಡಿ’ ಅಷ್ಟೇ ಹೇಳಿ, ಬಾಯಿ ಮುಚ್ಚಿಕೊಂಡು ಓಡಾಡಿ. ನಮಗೆ ಮೇಷ್ಟ್ರುಗಳಿಗೆ ಇದೇ ಕಷ್ಟದ ಭಾಗ. ನಮ್ಮ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: ‘ಮಿಸ್, ಇದರ ಸಹವಾಸವೇ ಸರಿಯಿಲ್ಲ!’ ಇಡೀ ಪಾಠ ಅವನೇ ಮುಗಿಸಿಬಿಟ್ಟ. ಕನ್ನಡದಲ್ಲಿ ಗೆಲುವಿಗೂ ‘ಅಮ್ಮನೇ ಕಾರಣ’, ಸೋಲಿಗೂ ‘ಮಳೆಯೇ ಕಾರಣ’. ಇಂಗ್ಲಿಷಿನ ಈ ಕ್ರಿಯಾಪದ ಮಾತ್ರ ಹೆಚ್ಚಾಗಿ ಕೆಟ್ಟದ್ದರ ಜೊತೆಗೇ ಓಡಾಡುತ್ತದೆ. ಹಾಗಾದರೆ ಅಮ್ಮನ ವಾಕ್ಯ ಹೇಗೆ ಬರೆಯೋದು? ‘ಐ ಓ ಮೈ ಸಕ್ಸೆಸ್ ಟು ಮೈ ಮದರ್’ ಅಂತ ಬೋರ್ಡಿನ ಮೇಲೆ ಬರೆಯಿರಿ. ಮರುದಿನ ‘ಸಕ್ಸೆಸ್’ಗೇ ಒಂದು ಹಾಳೆ ಮಾಡಿ, ಅದರ ಜೊತೆ ಬರುವ ‘ಅಚೀವ್’, ‘ಎಂಜಾಯ್’ ಮಕ್ಕಳೇ ಹುಡುಕಲಿ.

ಹಾಳೆಯನ್ನು ನೀವು ಮೊದಲು ಪೂರ್ತಿ ಓದಿ. ವಾಕ್ಯಗಳನ್ನು ಆರಿಸೋದು ಯಂತ್ರ. ಕ್ಲಾಸಿಗೆ ತಕ್ಕದ್ದಲ್ಲದ ಸಾಲು ಬಂದುಬಿಡಬಹುದು.

ಎಷ್ಟು ಸಲ ಬಂದಿದೆ ಅನ್ನೋದು ಬೇಕಾದರೆ ಕೋಕಾ ಇರುವ ಇಂಗ್ಲಿಷ್-ಕಾರ್ಪೊರ ಸೈಟಿನಲ್ಲಿ ಹೆಸರು ನೋಂದಾಯಿಸಿ. ಪುಕ್ಕಟೆ ಖಾತೆಗೆ ದಿನದ ಮಿತಿ ಇದೆ, ಸುಮ್ನೆ ಹುಡುಕಿ ಖರ್ಚು ಮಾಡಬೇಡಿ. ಪದಕ್ಕೆ ಮೊದಲು ‘ಎಡಿಜೆ’ (ADJ) ಅಂತ ದೊಡ್ಡಕ್ಷರದಲ್ಲಿ ಹಾಕಿದರೆ ಅದರ ವಿಶೇಷಣಗಳೆಲ್ಲ ಸಾಲಾಗಿ ಬರುತ್ತವೆ. ‘ರೇನ್’ ಕೊಟ್ಟು ನೋಡಿ, ‘ಹೆವಿ’ ಎದ್ದು ಕಾಣುತ್ತದೆ. ಆದರೆ ಅಂಕಿ ನೋಡಿ ತೀರ್ಪು ಕೊಡಬೇಡಿ. ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ ಅಂತ ಮಕ್ಕಳಿಗೆ ತಿದ್ದುತ್ತೇವಲ್ಲ, ಆ ‘ಡಿಸ್ಕಸ್ ಅಬೌಟ್’ ಹುಡುಕಿದರೆ ಸಿಗುವ ಸಾಲುಗಳಲ್ಲಿ ‘ಡಿಸ್ಕಸ್ ಅಬೌಟ್ ಟೆನ್ ಇಶ್ಯೂಸ್’ ಅನ್ನುವಂಥದ್ದೂ ಇರಬಹುದು. ಅಲ್ಲಿ ‘ಅಬೌಟ್’ ಅಂದರೆ ಸುಮಾರು. ಸಾಲು ಓದದೆ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಅದೇ ಸೈಟಿನಲ್ಲಿ ‘ಗ್ಲೋಬ್’ (GloWbE) ಅಂತ ಇನ್ನೊಂದು ಕಾರ್ಪಸ್ ಇದೆ, 20 ದೇಶಗಳ ವೆಬ್ ಬರಹ. ಅದರಲ್ಲಿ ‘ಪ್ರಿಪೋನ್’ (ನಿಗದಿಗಿಂತ ಮುಂಚೆಯೇ ಇಟ್ಟುಕೊಳ್ಳು) ಹಾಕಿ ಚಾರ್ಟ್ ತೆಗೆದರೆ ಭಾರತದ ಕಂಬ ಎದ್ದು ನಿಲ್ಲುತ್ತದೆ. ಅಂದಮಾತ್ರಕ್ಕೆ ತಪ್ಪಾ? ನನ್ನ ಪ್ರಕಾರ ಅಲ್ಲ. ಬೆಂಗಳೂರಿನ ಆಫೀಸಿನಲ್ಲಿ ಧಾರಾಳವಾಗಿ ಬಳಸಲಿ. ಹೊರದೇಶಕ್ಕೆ ಕಳಿಸುವ ಪತ್ರದಲ್ಲಿ ಬೇರೆ ಮಾತು ಹಾಕಲಿ. ನಮ್ಮ ಇಂಗ್ಲಿಷನ್ನು ಗಂಭೀರವಾಗಿ ತೆಗೆದುಕೊಂಡವರು ಹಿಂದೆಯೇ ಇದ್ದರು. ಬೆಳಗಾವಿಯಾಚೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿ ಮತ್ತು ಸಂಗಡಿಗರು 1978ರ ಭಾರತೀಯ ಬರಹಗಳಿಂದಲೇ 10 ಲಕ್ಷ ಪದಗಳ ಕಾರ್ಪಸ್ ಕಟ್ಟಿದ್ದರು.

ನಿಮ್ಮದೇ ಕಾರ್ಪಸ್ ಬೇಕಾ? ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥನಿ ಮಾಡಿದ ‘ಆಂಟ್‌ಕಾಂಕ್’ (AntConc) ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಮಕ್ಕಳ ಪ್ರಬಂಧಗಳನ್ನು ಹೆಸರು ತೆಗೆದು ಪ್ಲೈನ್ ಟೆಕ್ಸ್ಟ್ ಫೈಲಾಗಿ ಹಾಕಿ, ‘ವೆರಿ’ ಹುಡುಕಿ. ಬಲಗಡೆಯ ಪದದ ಪ್ರಕಾರ ಜೋಡಿಸಿದರೆ ‘ವೆರಿ ನೈಸ್’, ‘ವೆರಿ ವೆರಿ ನೈಸ್’ ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲುಗಳನ್ನೇ ಪ್ರಿಂಟ್ ತೆಗೆದು ಹಂಚಿ. ‘ನೈಸ್’ ಬದಲು ಏನು ಹಾಕಬಹುದು ಅಂತ ಸ್ಕೆಲ್‌ನ ‘ಸಿಮಿಲರ್ ವರ್ಡ್ಸ್’ನಲ್ಲಿ ನೋಡಿಕೊಂಡು ಅವರೇ ತಿದ್ದಲಿ.