ಬೆಂಗಳೂರಿನ ನೀರಲ್ಲಿ ಸೆಂಚಾ ಹಸಿರಾಗಿಯೇ ಬಂತು

ಜಪಾನಿನ ಶಿಝುಒಕಾ ಪ್ರಾಂತ್ಯದ ಹಾಮಾಮಾತ್ಸುವಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಊರಿಗೆ ಹೊರಟಾಗ, ನನಗೆ ಚಹಾ ಕೊಡುತ್ತಿದ್ದ ಅಂಗಡಿಯ ಹಿರಿಯರು ಒಂದು ಮಾತು ಹೇಳಿದ್ದರು: "ಅಲ್ಲಿಗೆ ಹೋಜಿಚಾ ತಗೊಂಡು ಹೋಗಿ. ಸೆಂಚಾ ಒಯ್ದು ಹಾಳು ಮಾಡಬೇಡಿ." ಹೋಜಿಚಾ ಅಂದರೆ ಹುರಿದ ಚಹಾ ಎಲೆ, ಸೆಂಚಾ ಅಂದರೆ ಆವಿಯಲ್ಲಿ ಬೇಯಿಸಿ ಒಣಗಿಸಿದ ಹಸಿರು ಚಹಾ. ನಾನು ನಕ್ಕು ಸುಮ್ಮನಾಗಿದ್ದೆ. ಬೆಂಗಳೂರಿಗೆ ಬಂದು ಮೊದಲ ಕ್ಯೂಸು (ಚಹಾ ನೆನೆಸುವ ಜಪಾನಿ ಹಿಡಿಪಾತ್ರೆ) ಬಗ್ಗಿಸಿದಾಗ ಅವರ ಮಾತೇ ನಿಜವಾಯಿತು. ಮೂಡಿಗೆರೆ ಕಡೆಯ ಕಾಫಿ ಮನುಷ್ಯನಾದ ನಮ್ಮ ಭಾವ ಲೋಟದೊಳಗೆ ಇಣುಕಿ, "ಏನ್ ಮಾರಾಯ ಇದು, ಕಲಗಚ್ಚು ಇದ್ದಂಗಿದೆ" ಅಂದರು. ಬಣ್ಣ ನಿಜಕ್ಕೂ ಹಾಗೇ ಇತ್ತು. ಮೇಲೆ ಎಣ್ಣೆ ತೇಲಿದಂಥ ತೆಳು ಪದರ ಬೇರೆ.

ಅದನ್ನು ಸರಿ ಮಾಡಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಎಷ್ಟು ಡಿಗ್ರಿ, ಎಷ್ಟು ಹೊತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಮೊದಲು ನಾನು ಎಡವಿದ ಕಡೆಗಳನ್ನೇ ಬರೆಯುತ್ತೇನೆ.

ಹಾಗಂತ ಜಪಾನಿನಲ್ಲಿದ್ದಾಗ ನಾನೇನು ಹುಟ್ಟು ಪಂಡಿತನಾಗಿರಲಿಲ್ಲ. ಮೊದಲ ವರ್ಷ 100 ಗ್ರಾಂಗೆ 3,500 ಯೆನ್‌ನ ಗ್ಯೊಕುರೊ (ನೆರಳಿನಲ್ಲಿ ಬೆಳೆಸಿದ ದುಬಾರಿ ಹಸಿರು ಚಹಾ) ತಂದು, ಆಫೀಸಿನ ಕೆಟಲ್‌ನ ಕುದಿನೀರು ಸುರಿದು, ಬೇವಿನ ಕಷಾಯ ಮಾಡಿ ಕುಡಿದವನು. ಆಮೇಲೆ ದುಡ್ಡು ಉಳಿಸಲು ಎಲೆ ಕಡಿಮೆ ಹಾಕುವ ಚಟ ಬಂತು. ಒಂದು ಚಮಚ ಎಲೆಯನ್ನು ಐದು ನಿಮಿಷ ನೆನೆಸಿದರೆ ಎರಡು ಚಮಚಕ್ಕೆ ಸಮ ಎಂದುಕೊಂಡಿದ್ದೆ. ಹಾಗೆ ಮಾಡಿದರೆ ಒಗರು ಮಾತ್ರ ಪೂರ್ತಿ ಬರುತ್ತದೆ, ರುಚಿ ಬರುವುದಿಲ್ಲ. ಇನ್ನೊಂದು ಸಲ ಶಿಂಚಾ, ಅಂದರೆ ವರ್ಷದ ಮೊದಲ ಕೊಯ್ಲಿನ ಎಲೆಯ ಪೊಟ್ಟಣವನ್ನು ಫ್ರಿಜ್‌ನಲ್ಲಿ ಅಮ್ಮ ಕಳಿಸಿದ ಸಾರಿನಪುಡಿಯ ಪಕ್ಕದಲ್ಲೇ, ಬಾಯಿಗೆ ಬರೀ ರಬ್ಬರ್‌ಬ್ಯಾಂಡ್ ಹಾಕಿ ಇಟ್ಟೆ. ವಾರದಲ್ಲಿ ಶಿಝುಒಕಾದ ಮೊದಲ ಕೊಯ್ಲಿಗೆ ಅಪ್ಪಟ ಮೆಂತ್ಯ–ಇಂಗಿನ ಘಮ! ಈಗ ಬಿಗಿಯಾದ ತಗಡಿನ ಡಬ್ಬಿ, ಒಡೆದ ಪೊಟ್ಟಣ ಒಂದೇ ತಿಂಗಳಲ್ಲಿ ಖಾಲಿ. ಫ್ರೀಜರ್‌ನಿಂದ ತೆಗೆದ ಪೊಟ್ಟಣವನ್ನು ಇಡೀ ದಿನ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದಮೇಲೇ ಕತ್ತರಿ ಹಾಕುವುದು. ತಣ್ಣಗಿದ್ದಾಗಲೇ ಒಡೆದರೆ ಎಲೆಗೆ ಪಸೆ ಹಿಡಿಯುತ್ತದೆ.

ನಾಲಿಗೆ ಪಳಗಿದ್ದು ಅದೇ ಅಂಗಡಿಯಲ್ಲಿ. ಚಹಾ ವ್ಯಾಪಾರಿಗಳು ಎಲೆ ಪರೀಕ್ಷೆ ಮಾಡುವುದು ನಾವು ಕುಡಿಯುವ ಹಾಗೆ 70 ಡಿಗ್ರಿಯಲ್ಲಲ್ಲ. ಬಿಳಿ ಬಟ್ಟಲಿಗೆ 3 ಗ್ರಾಂ ಎಲೆ ಹಾಕಿ, ಕುದಿಯುವ ನೀರನ್ನೇ ಸುರಿದು, ಜಾಲರಿ ಸೌಟಿನಲ್ಲಿ ಎಲೆ ಎತ್ತಿ ಮೂಸುತ್ತಾರೆ. ಬಿಸಿ ತಾಗಿದರೆ ಎಲೆ ತನ್ನ ದೋಷವನ್ನೆಲ್ಲ ಕಕ್ಕಿಬಿಡುತ್ತದೆ. ಹೊಸ ಪೊಟ್ಟಣ ಬಂದರೆ ನಾನು ಮೊದಲು ಮಾಡುವುದು ಇದನ್ನೇ. ಕಾಕೆಗಾವಾದ ಫುಕಾಮುಶಿ (ಹೆಚ್ಚು ಹೊತ್ತು ಆವಿಯಲ್ಲಿ ಬೇಯಿಸಿದ, ಪುಡಿ ಹೆಚ್ಚಿರುವ ಸೆಂಚಾ), ಕಾವಾನೆಯ ಗುಡ್ಡದ ಅಸಾಮುಶಿ (ಸ್ವಲ್ಪವೇ ಹೊತ್ತು ಬೇಯಿಸಿದ ಸೆಂಚಾ), ಹೊನ್ಯಾಮಾ, ಕಾಗೊಶಿಮಾ ಸೀಮೆಯ ಎಲೆ ಎಂದು ನಾಲ್ಕು ಬಟ್ಟಲು ಸಾಲಾಗಿ ಇಟ್ಟಾಗ ಒಮ್ಮೆ ಮೂರನ್ನು ಸರಿಯಾಗಿ ಹೇಳಿದ್ದೆ. ಎಡವಿದ್ದು ಹೊನ್ಯಾಮಾದಲ್ಲಿ. ಅಂಗಡಿಯವರು ಚಪ್ಪಾಳೆ ತಟ್ಟಿ 50 ಗ್ರಾಂ ಪುಕ್ಕಟೆ ಕೊಟ್ಟರು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಇಷ್ಟೆಲ್ಲ ಕಲಿತು ಬಂದವನಿಗೆ ಬೆಂಗಳೂರಿನಲ್ಲಿ ಕಲಗಚ್ಚು. ಮೊದಲು ಬೈದದ್ದು ಪಾತ್ರೆಯನ್ನು. ಮೆರುಗು ಹಚ್ಚದ ಕೆಂಪು ಮಣ್ಣಿನ ಕ್ಯೂಸು ಒಗರು ಹೀರಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಸ್ನೇಹಿತರ ಕೈಯಲ್ಲಿ 12,000 ಯೆನ್‌ನ ತೊಕೊನಾಮೆ ಊರಿನ ಕ್ಯೂಸು ತರಿಸಿದೆ. ನೋಡಲು ಬಲು ಚಂದ. ಆದರೆ ಫುಕಾಮುಶಿಯ ಪುಡಿ ಅದರ ಮಣ್ಣಿನ ಜಾಲರಿಗೆ ಕಟ್ಟಿಕೊಂಡು, ಬಗ್ಗಿಸುವಷ್ಟರಲ್ಲಿ ಇನ್ನೊಂದು ನಿಮಿಷ ನೆನೆದುಬಿಡುತ್ತಿತ್ತು. ಕೊನೆಗೆ ದಿನಾ ಕೈಗೆ ಬರುವುದು 2,800 ಯೆನ್‌ನ, ಒಳಗೆ ಸುತ್ತಲೂ ಸ್ಟೀಲ್ ಜಾಲರಿ ಇರುವ ಸಾದಾ ಕ್ಯೂಸು. ಆಮೇಲೆ ಬಿಸಿ ಎಷ್ಟೆಂದು ತೋರಿಸುವ ಕೆಟಲ್, ಸುಮಾರು ಮೂರೂವರೆ ಸಾವಿರ ರೂಪಾಯಿ. ಬಣ್ಣ ಮಾತ್ರ ಬದಲಾಗಲಿಲ್ಲ.

ಸುಳಿವು ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ. ದೀಪಾವಳಿಗೆ ಅಮ್ಮನ ಮನೆಗೆ ಹೋದಾಗ ಅದೇ ಪೊಟ್ಟಣ, ಅದೇ ಕ್ಯೂಸು ಒಯ್ದಿದ್ದೆ. ಬಾವಿ ನೀರಿನಲ್ಲಿ ಮಾಡಿದ ಮೊದಲ ಲೋಟಕ್ಕೇ ಕಾಕೆಗಾವಾದ ಹಸಿರು! ಒಗರು ಇತ್ತು, ಆದರೆ ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ ಹಿಂದೆಯೇ ಸಿಹಿ. ಅದರ ಕೆಳಗೆ ಬೇಳೆಕಟ್ಟಿನಂಥ ರುಚಿ. ಅಮ್ಮ ಎರಡು ಗುಟುಕು ಕುಡಿದು, "ಇದಕ್ಕೆ ಉಪ್ಪು ಹಾಕಿದೀಯೇನೋ ಮಗಾ?" ಅಂದರು. ಆ ಬೇಳೆಕಟ್ಟಿನಂಥ ರುಚಿಗೇ ಜಪಾನಿನಲ್ಲಿ ಉಮಾಮಿ ಅನ್ನುವುದು; ಅದೇನೆಂದು ಅಮ್ಮನಿಗೆ ಬೇರೆ ಬಿಡಿಸಿ ಹೇಳಬೇಕಾಗಲಿಲ್ಲ.

ನೀರಿನದೇ ಕಿತಾಪತಿ ಎಂದು ಖಾತ್ರಿಯಾಯಿತು. ಬೆಂಗಳೂರಿಗೆ ಬಂದವನೇ 350 ರೂಪಾಯಿಯ ಟಿಡಿಎಸ್ ಮೀಟರ್ ತಂದೆ. ಬೋರ್‌ವೆಲ್ ನೀರು ಎಂಟುನೂರರ ಆಚೀಚೆ, ಕಾವೇರಿ ಇನ್ನೂರಿಪ್ಪತ್ತು, ಆರ್‌ಒ ಇಪ್ಪತ್ತೈದು. ಬಾಟಲಿಯಲ್ಲಿ ತಂದಿದ್ದ ಅಮ್ಮನ ಬಾವಿಯ ನೀರು ನಲವತ್ತು ಚಿಲ್ಲರೆ. ಮೀಟರ್ ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುತ್ತದೆಯೇ ಹೊರತು ಗಡಸುತನವನ್ನಲ್ಲ. ಆದರೂ ಅಂದಾಜಿಗೆ ಸಾಕು. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಎಲೆಯಲ್ಲಿ ಒಗರು ಕೊಡುವ ಕ್ಯಾಟೆಚಿನ್‌ಗಳನ್ನು ಹಿಡಿದುಕೊಂಡು ಚಹಾ ಮಂಕಾಗುತ್ತದೆ, ಮೇಲೆ ಆ ಪದರ ಕಟ್ಟುತ್ತದೆ.

ಹಾಗಾದರೆ ಆರ್‌ಒ ಹಾಕಿದರೆ ಮುಗಿಯಿತಲ್ಲ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಮೂರು ತಿಂಗಳು ಕಳೆದೆ. ಬಣ್ಣ ಬಂತು, ಆದರೆ ಚಹಾಕ್ಕೆ ಮೈಯೇ ಇಲ್ಲ. ಒಗರು ಸೂಜಿ ಚುಚ್ಚಿದ ಹಾಗೆ, ಕೆಳಗಿನ ಬೇಳೆಕಟ್ಟು ಮಾಯ. ಗೆಳೆಯರ ಪೈಕಿ ಅರ್ಧ ಜನ ಇಲ್ಲೇ ನಿಂತು, ನಮ್ಮೂರಲ್ಲಿ ಇದು ಆಗಲ್ಲ ಎಂದು ಕೈಬಿಟ್ಟವರು. ಇನ್ನರ್ಧ ಜನ ನನಗೆ ಹುಚ್ಚು ಅಂದರು. ಭಾವನ ಸಂಪಿನ ಮಳೆನೀರು ತಂದು ನೋಡಿದೆ, ತಾರಸಿಯ ವಾಸನೆ. ಮಡಕೆ ನೀರಿಗೆ ಮಣ್ಣಿನ ಘಮ. ಕುಡಿಯಲು ಸೊಗಸು, ಸೆಂಚಾಕ್ಕೆ ಶತ್ರು. ಕಾವೇರಿ ನೀರನ್ನು ಹತ್ತು ನಿಮಿಷ ಕುದಿಸಿ, ರಾತ್ರಿಯಿಡೀ ಬಿಟ್ಟು, ತಳದ ಬಿಳಿ ಸುಣ್ಣ ಅಲುಗದ ಹಾಗೆ ಮೇಲಿನದನ್ನಷ್ಟೇ ಬಸಿದುಕೊಂಡರೆ ಅರ್ಧ ದಾರಿ ಸಾಗುತ್ತದೆ.

ಆ ಬಸಿದ ಕಾವೇರಿಯನ್ನೇ ಆರ್‌ಒಗೆ ಬೆರೆಸಿದಾಗ ಕೆಲಸ ಆಯಿತು. ಐದು ಪಾಲು ಆರ್‌ಒ, ಒಂದು ಪಾಲು ಕಾವೇರಿ. ಮೀಟರ್ ಐವತ್ತರಿಂದ ಅರವತ್ತರ ನಡುವೆ ನಿಲ್ಲಬೇಕು. ಬೋರ್‌ವೆಲ್ ನೀರು ಬೆರೆಸಿ ಅದೇ ಅಂಕಿಗೆ ತಂದರೂ ನನಗೆ ಆ ರುಚಿ ಬರಲಿಲ್ಲ. ಬೆರೆಸಿದ ಮೇಲೆ, ಕುದಿಸುವ ಮುನ್ನ ನಾನು ಇನ್ನೊಂದು ಚಿಕ್ಕ ಕೆಲಸ ಮಾಡುತ್ತೇನೆ. ಎರಡು ವರ್ಷದ ದುಡ್ಡು ಸುರಿದು ಕಲಿತದ್ದು, ಅದು ನನ್ನ ಹತ್ತಿರವೇ ಇರಲಿ.

ಬಿಸಿಯ ಲೆಕ್ಕದಲ್ಲೂ ಒಮ್ಮೆ ಮೋಸಹೋದೆ. ಪಾತ್ರೆಯಿಂದ ಪಾತ್ರೆಗೆ ಒಮ್ಮೆ ಬಗ್ಗಿಸಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ ಎಂಬುದು ಅಲ್ಲಿನ ಲೆಕ್ಕ. ಬೆಂಗಳೂರು ಇರುವುದು 900 ಮೀಟರಿಗೂ ಎತ್ತರದಲ್ಲಿ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಮೂರು ಡಿಗ್ರಿ ಲಾಭ ಎಂದು ಬೀಗಿದೆ. ಆದರೆ ಏಪ್ರಿಲ್‌ನ ನಮ್ಮ ಅಡುಗೆಮನೆಯಲ್ಲಿ ಬಟ್ಟಲುಗಳೇ ಬೆಚ್ಚಗಿರುತ್ತವೆ, ಒಂದು ಸಲಕ್ಕೆ ಏಳೋ ಎಂಟೋ ಡಿಗ್ರಿ ಇಳಿದರೆ ಹೆಚ್ಚು. ಕ್ಯೂಸುವಿಗೆ ಬೀಳುವಾಗ 70 ಇರಬೇಕಾದದ್ದು 75 ದಾಟಿರುತ್ತಿತ್ತು. ಈಗ ಬೇಸಗೆಯಲ್ಲಿ ಒಂದು ಬಟ್ಟಲು ಹೆಚ್ಚು ಸುತ್ತಿಸುತ್ತೇನೆ.

ಇಬ್ಬರಿಗೆ ನನ್ನ ಅಳತೆ: ಫುಕಾಮುಶಿಯಾದರೆ 5 ಗ್ರಾಂ, 160 ಮಿ.ಲೀ., 70 ಡಿಗ್ರಿ, ಮೂವತ್ತೈದು–ನಲವತ್ತು ಸೆಕೆಂಡು. ಅಸಾಮುಶಿಗೆ 6 ಗ್ರಾಂ, ಸ್ವಲ್ಪ ಹೆಚ್ಚು ಬಿಸಿ, ಸಮಯ ಇದರ ಎರಡರಷ್ಟು. ಅಸಾಮುಶಿ ಹಸಿರಾಗಿ ಬರಲಿಲ್ಲ ಎಂದು ಗಾಬರಿ ಬೇಡ, ಅದರ ಬಣ್ಣವೇ ತಿಳಿ ಹೊಂಬಣ್ಣ. ಎರಡೂ ಲೋಟಕ್ಕೆ ಸ್ವಲ್ಪ ಸ್ವಲ್ಪ ಸರದಿಯಲ್ಲಿ ಬಗ್ಗಿಸಿ, ಕೊನೇ ಹನಿಯವರೆಗೂ ಇಳಿಸಬೇಕು. ಒಳಗೆ ನೀರು ನಿಂತರೆ ಅದೇ ಎಲೆಯ ಎರಡನೇ ಸುತ್ತು ಕಹಿ. ನಡುವೆ ಮುಚ್ಚಳ ಓರೆಯಾಗಿಡಿ, ಎಲೆ ಬೇಯಬಾರದು. ಎರಡನೇ ಸುತ್ತಿಗೆ ಹತ್ತು ಸೆಕೆಂಡು ಸಾಕು.

ಉಳಿದ ಎಲೆಯದೂ ಒಂದು ಕತೆ ಇದೆ. ಜಪಾನಿನಲ್ಲಿ ಗ್ಯೊಕುರೊ ಕುಡಿದಾದ ಮೇಲೆ ಆ ಎಲೆಗೆ ಸೋಯಾ ಸಾಸೋ ಪೊಂಜುವೋ (ಹುಳಿಹಣ್ಣಿನ ರಸದ ಸಾಸ್) ಹಾಕಿ ತಿನ್ನುವುದುಂಟು. ನಾನು ಅದಕ್ಕೆ ಜೀರಿಗೆ, ಕಾಳುಮೆಣಸು, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟು ತಂಬುಳಿ ಮಾಡಿದೆ. "ಒಂದೆಲಗಕ್ಕೆ ಸಮ ಇಲ್ಲ. ಬಿಸಾಡೋ ಹಾಗೂ ಇಲ್ಲ," ಇದು ಅಮ್ಮನ ತೀರ್ಪು. ಫುಕಾಮುಶಿಯಲ್ಲಿ ಮಾಡಲು ಹೋದರೆ ಹಲ್ಲಿಗೆ ಮರಳು ಸಿಕ್ಕಂತಾಗಿ ಎರಡು ಲೋಟ ಮಜ್ಜಿಗೆ ದಂಡವಾಯಿತು. ಬೇಸಗೆಗೆ ತಣ್ಣೀರ ಚಹಾ ಸುಲಭ. ಲೀಟರಿಗೆ 10 ಗ್ರಾಂ, ಫ್ರಿಜ್‌ನಲ್ಲಿ ನಾಲ್ಕು ಗಂಟೆ. ಅದಕ್ಕೆ ಬರೀ ಆರ್‌ಒ ನೀರೇ ನಡೆಯುತ್ತದೆ. ಭಾವ ಬೇಡಾ ಬೇಡಾ ಅನ್ನುತ್ತಲೇ ಇದನ್ನು ಎರಡು ಲೋಟ ಇಳಿಸಿದರು.

ದುಡ್ಡಿನ ವಿಷಯ ಹೆಂಡತಿಯ ಕಣ್ಣಿಗೆ ಬೀಳದಿರಲಿ. ಕ್ಯೂಸುಗಳು, ಕೆಟಲ್, ಹಾಳಾದ ಎಲೆ, ಒಮ್ಮೆ ಅಂಚೆಯಲ್ಲಿ ತರಿಸಿ ಎಲೆಯ ಬೆಲೆಗಿಂತ ಹೆಚ್ಚು ಕಟ್ಟಿದ ಕಸ್ಟಮ್ಸ್ ಸುಂಕ ಎಲ್ಲ ಸೇರಿ ಮೂವತ್ತು ಸಾವಿರ ರೂಪಾಯಿಗೆ ಕಡಿಮೆ ಇಲ್ಲ. ಮಚ್ಚಾದ (ನುಣ್ಣಗೆ ಪುಡಿ ಮಾಡಿದ ಜಪಾನಿ ಹಸಿರು ಚಹಾ) ಹುಚ್ಚು ಜಗತ್ತಿಗೆಲ್ಲ ಹತ್ತಿದ ಮೇಲೆ ಸೆಂಚಾ ತೋಟಗಳೂ ಆ ಕಡೆ ವಾಲುತ್ತಿವೆ. ನಾನು 1,000 ಯೆನ್‌ಗೆ ತರಿಸುತ್ತಿದ್ದ ಪೊಟ್ಟಣಕ್ಕೆ ಈಗ 1,400 ಕೇಳುತ್ತಾರೆ. ನಿಜವಾಗಿ ಕೆಲಸಕ್ಕೆ ಬಂದದ್ದು ಆ 350 ರೂಪಾಯಿಯ ಮೀಟರ್.

ಈಗಲೂ ತಿಂಗಳಿಗೆ ಮೂರು ನಾಲ್ಕು ದಿನ ಕಾವೇರಿ ಬರುವುದಿಲ್ಲ, ಅಪಾರ್ಟ್‌ಮೆಂಟಿನವರು ಟ್ಯಾಂಕರ್ ತರಿಸಿ ಎಲ್ಲ ಒಂದೇ ಸಂಪಿಗೆ ಬಿಡುತ್ತಾರೆ. ನಲ್ಲಿ ನೀರಿಗೆ ಮೀಟರ್ ಅದ್ದಿದರೆ ಐನೂರು ದಾಟಿರುತ್ತದೆ. ಆ ದಿನಗಳಿಗೆಂದು ಒಂದು ಡಬ್ಬಿ ಹೋಜಿಚಾ ಇಟ್ಟುಕೊಂಡಿದ್ದೇನೆ. ಅಂಗಡಿಯ ಹಿರಿಯರಿಗೆ ಇದನ್ನು ಇನ್ನೂ ತಿಳಿಸಿಲ್ಲ.