ಕಾರಿನ ರೇಡಿಯೊ: ಸೆಟ್ ಬಿಚ್ಚುವ ಮುಂಚೆ ಕೇಬಲ್ ನೋಡಿ

ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಇರುವವರಿಗೆ ನಮ್ಮಲ್ಲಿ ಎರಡು ಮೀಟರ್ ಬ್ಯಾಂಡ್ ಎಂದರೆ 144ರಿಂದ 146 ಮೆಗಾಹರ್ಟ್ಸ್. ಈ ಬ್ಯಾಂಡಿನ 50 ವಾಟ್ ಮೊಬೈಲ್ ಸೆಟ್ (ಕಾರಿನಲ್ಲಿ ಕೂರಿಸುವ ರೇಡಿಯೊ) ಮಾತಾಡುವಾಗ 10–11 ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್ಟಿನ ತಂತಿಗೆ ಇಷ್ಟು ಭಾರ ಹೊರಿಸಬಾರದು. ಬ್ಯಾಟರಿಯಿಂದಲೇ 4 ಚದರ ಮಿಮೀ ತಾಮ್ರದ ತಂತಿ ಎಳೆದೆ; 15 ಆಂಪಿಯರ್ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿದೆ. ಸೆಟ್ಟಿನ ಬಳಿಯಷ್ಟೇ ಫ್ಯೂಸ್ ಇದ್ದರೆ, ದಾರಿಯಲ್ಲಿ ತಂತಿ ಉಜ್ಜಿ ಬಾಡಿಗೆ ತಾಗಿದಾಗ ಅದು ಉರಿಯುವುದೇ ಇಲ್ಲ, ತಂತಿ ಉರಿಯುತ್ತದೆ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಅಳೆದಾಗ ಸೆಟ್ಟಿನ ತುದಿಯಲ್ಲಿ ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಬಂದರೆ ಪರವಾಗಿಲ್ಲ.

ಕಾಲು ತರಂಗದ ಆಂಟೆನಾ ಸುಮಾರು 49 ಸೆಂಮೀ, ಜಾಗ ಚಾವಣಿಯ ನಡುಮಧ್ಯ. ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ಮರಳುತ್ತಿದೆ ಎಂಬುದರ ಅಳತೆ; 1 ಎಂದರೆ ಏನೂ ಮರಳುತ್ತಿಲ್ಲ) ಅನ್ನು 144, 145, 146 ಮೂರರಲ್ಲೂ ನೋಡಿ. 144ರಲ್ಲಿ ತೀರಾ ಕಡಿಮೆ ಬಂದರೆ ಕಡ್ಡಿ ಉದ್ದವಾಗಿದೆ. 146ರಲ್ಲಿ ಕಡಿಮೆ ಬಂದರೆ ಗಿಡ್ಡ. ಒಂದು ಮಿಮೀ ಕತ್ತರಿಸಿದರೆ ಹೆಚ್ಚುಕಡಿಮೆ 0.3 ಮೆಗಾಹರ್ಟ್ಸ್ ಮೇಲೇರುತ್ತದೆ, ಆದ್ದರಿಂದ ಅವಸರ ಬೇಡ, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಮೂರರಲ್ಲೂ 3ಕ್ಕಿಂತ ಮೇಲಿದ್ದರೆ ಉದ್ದದ ತಪ್ಪಲ್ಲ. ಅರ್ಥ್ ಸರಿಯಾಗಿ ಸಿಕ್ಕಿಲ್ಲ, ಇಲ್ಲವೇ ಕನೆಕ್ಟರಿನ ಬೆಸುಗೆ ಬಿಟ್ಟಿದೆ. ಕೇಬಲ್ಲಿನಿಂದ ಆಂಟೆನಾ ಕಳಚಿ ಓಮ್ ಮೀಟರಿನಲ್ಲಿ ನೋಡಿ: ನಡುಪಿನ್ನಿಗೂ ಹೊರಚಿಪ್ಪಿಗೂ ಸಂಪರ್ಕ ಇರಬಾರದು. (ಆಂಟೆನಾ ಕಳಚದೆ ಅಳೆದರೆ, ಬುಡದಲ್ಲಿ ಕಾಯಿಲ್ ಇರುವ ಮಾದರಿಗಳು ಶಾರ್ಟ್ ತೋರಿಸುತ್ತವೆ, ಅದು ದೋಷವಲ್ಲ.)

ಹೆಚ್ಚು ಜನ ಮೋಸಹೋಗುವುದು ಒಳ್ಳೆಯ ಎಸ್‌ಡಬ್ಲ್ಯೂಆರ್‌ಗೆ. ಮೀಟರ್ 1.2 ಹೇಳುತ್ತದೆ, ಆಚೆಯವರಿಗೆ ಮಾತ್ರ ದನಿ ಕೇಳಿಸುವುದಿಲ್ಲ. ಮಲೆನಾಡಿನ ಮಳೆ ಕನೆಕ್ಟರಿನಿಂದ ಕೇಬಲ್ಲಿನ ತಂತಿ ಹೆಣಿಗೆಗೆ ಇಳಿದಿದ್ದರೆ ಕೇಬಲ್ಲೇ ಶಕ್ತಿಯನ್ನು ನುಂಗುತ್ತದೆ, ಮರಳಿ ಬರುವ ಅಲೆಯೂ ಅದರಲ್ಲೇ ಕರಗುತ್ತದೆ. ಮೀಟರಿಗೆ ಎಲ್ಲವೂ ಚೆನ್ನ. ಪರೀಕ್ಷೆ ಸುಲಭ: ಆಂಟೆನಾ ತೆಗೆದು ತುದಿ ತೆರೆದಿಟ್ಟು, ಸೆಟ್ಟನ್ನು ಅತಿ ಕಡಿಮೆ ಪವರಿಗೆ ಇಳಿಸಿ, ಎರಡೇ ಸೆಕೆಂಡ್ ಒತ್ತಿ. 5 ಮೀಟರಿನ ಒಳ್ಳೆಯ ಆರ್‌ಜಿ-58 ಕೇಬಲ್ ಆದರೆ ಮೀಟರಿನಲ್ಲಿ 8ರ ಆಸುಪಾಸು ಬರಬೇಕು. 3 ಬಂದರೆ ಅರ್ಧ ಶಕ್ತಿ ಕೇಬಲ್ಲಿನಲ್ಲೇ ಕಾವಾಗಿ ಹೋಗುತ್ತಿದೆ. ಒಣಗಿಸಿ ಪ್ರಯೋಜನವಿಲ್ಲ, ಬದಲಿಸಿ. ಹೊಸದರ ಕನೆಕ್ಟರಿಗೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಕಾರಿನೊಳಗೆ ನುಗ್ಗುವ ಮುಂಚೆ ಕೇಬಲ್ಲನ್ನು ಸ್ವಲ್ಪ ಕೆಳಗೆ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇಷ್ಟೆಲ್ಲ ಸರಿಯಿದ್ದು ರಿಪೀಟರ್ (ನಮ್ಮ ದನಿ ಹಿಡಿದು ದೂರಕ್ಕೆ ಮತ್ತೆ ಕಳಿಸುವ ನಿಲ್ದಾಣ) ಕೇಳಿಸುತ್ತದೆ, ಆದರೆ ತೆರೆಯುವುದಿಲ್ಲ ಎಂದಾದರೆ 600 ಕಿಲೊಹರ್ಟ್ಸ್ ಶಿಫ್ಟ್ (ಕೇಳುವ ಮತ್ತು ಕಳಿಸುವ ಆವರ್ತನಗಳ ಅಂತರ), ಅದರ ದಿಕ್ಕು, ಸಿಟಿಸಿಎಸ್‌ಎಸ್ ಟೋನ್ (ರಿಪೀಟರ್ ತೆರೆಯಲು ದನಿಯ ಜೊತೆ ಹೋಗುವ ಸಣ್ಣ ಸ್ವರ), ಈ ಮೂರನ್ನು ಮೆನುವಿನಲ್ಲಿ ನೋಡಿ.